ಶ್ರೀ ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿಯವರು

ಅಧಿಕಾರಕ್ಕಾಗಿ ಹೋರಾಡಿದವರನ್ನು ಜನತೆ ಬಹುಕಾಲ ನೆನೆಯುತ್ತದೆ. ದೊಡ್ಡ ಕಟ್ಟಡಗಳನ್ನು ಕಟ್ಟಿಸಿದವರನ್ನು ಆ ಕಟ್ಟಡಗಳೇ ನೆನಪಿಗೆ ತರುತ್ತವೆ. ಇವರಿಬ್ಬರ ನಡುವೆ ನಿಂತು, ಹೊಸದಾಗಿ ದೊರೆತ ಅಧಿಕಾರವನ್ನು ಮೊದಲ ಸಲ ನಡೆಸಿ ತೋರಿಸಿದವರನ್ನು ಮಾತ್ರ ನಾವು ಬೇಗನೆ ಮರೆತುಬಿಡುತ್ತೇವೆ. ಮೈಸೂರಿನ ಪ್ರಥಮ ಮುಖ್ಯಮಂತ್ರಿಗಳಾಗಿದ್ದ ಶ್ರೀ ಕೆ. ಸಿ. ರೆಡ್ಡಿಯವರ ವಿಷಯದಲ್ಲಿ ಆಗಿರುವುದೂ ಹೀಗೆಯೇ.

ಹಲಸೂರಿನಿಂದ ಹೊರಟು ಕೃಷ್ಣರಾಜಪುರವನ್ನು ದಾಟುವ ಮದರಾಸು ರಸ್ತೆಯು ಹೊಸಕೋಟೆಯ ಮೇಲೆ ಕೋಲಾರ ಸೀಮೆಯನ್ನು ಸೇರುತ್ತದೆ. ಆ ಸೀಮೆಯ ಕ್ಯಾಸಂಬಳ್ಳಿಯಲ್ಲಿ 1902ರ ಮೇ 4ರಂದು ಜನಿಸಿದ ರೆಡ್ಡಿಯವರು ನ್ಯಾಯಶಾಸ್ತ್ರದ ಪದವಿ ಪಡೆದು, ರೈತಾಪಿ ಜನರ ಸಂಘಟನೆಗೆ ಕೈಹಾಕಿದರು. 1930ರಲ್ಲಿ ಪ್ರಜಾಪಕ್ಷವನ್ನು ಕಟ್ಟಿದರು. ಅದು ಪ್ರಜಾಮಿತ್ರ ಮಂಡಳಿಯೊಡನೆ ಕೂಡಿ ಪ್ರಜಾಸಂಯುಕ್ತ ಪಕ್ಷವಾಯಿತು. 1937ರಲ್ಲಿ ಆ ಪಕ್ಷವು ಕಾಂಗ್ರೆಸ್ಸಿನಲ್ಲಿ ಲೀನವಾಯಿತು. ಇದು ಕೇವಲ ಪಕ್ಷಗಳ ಹೆಸರು ಬದಲಾದ ಸಂಗತಿಯಲ್ಲ. ಅದುವರೆಗೆ ಬಹುಮಟ್ಟಿಗೆ ಪಟ್ಟಣದ ವಿದ್ಯಾವಂತರದಾಗಿದ್ದ ಕಾಂಗ್ರೆಸ್ಸಿಗೆ ಹಳ್ಳಿಯ ಒಕ್ಕಲು ಜನರ ಬಲ ಬಂದುದು ಈ ಕೂಡಿಕೆಯಿಂದ. ಮರುವರ್ಷವೇ ಅದರ ಫಲ ಕಂಡಿತು. 1938ರ ಏಪ್ರಿಲಿನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹಕ್ಕೆ ಸಾವಿರಾರು ಗ್ರಾಮಸ್ಥರು ನೆರೆದರು. ಅದೇ ತಿಂಗಳ 25ರಂದು ಅಂದಿನ ಕೋಲಾರ ಜಿಲ್ಲೆಯ ವಿದುರಾಶ್ವತ್ಥದಲ್ಲಿ ಗುಂಡಿನೇಟಿಗೆ ಪ್ರಾಣ ತೆತ್ತವರೂ ಹಳ್ಳಿಗರೇ.

ದೇಶಕ್ಕೆ 1947ರ ಆಗಸ್ಟಿನಲ್ಲಿ ಸ್ವಾತಂತ್ರ್ಯ ಬಂದರೂ ಮೈಸೂರಿನ ಪ್ರಜೆಗಳಿಗೆ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ಹೊತ್ತಿತು. ಮಹಾರಾಜರಾದ ಶ್ರೀ ಜಯಚಾಮರಾಜ ಒಡೆಯರು ಜನರ ಕೋರಿಕೆಯನ್ನು ಮನ್ನಿಸಿದ ಮೇಲೆ, ಅಕ್ಟೋಬರ್ ತಿಂಗಳ ಕೊನೆಯಲ್ಲಿ ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರ ಸ್ವೀಕರಿಸಿತು. ನಿನ್ನೆಯವರೆಗೆ ಚಳವಳಿಗಾರರ ಮೇಲೆ ಆಜ್ಞೆ ಹೊರಡಿಸುತ್ತಿದ್ದ ಕಚೇರಿಗಳು ಇಂದು ಅವರ ಆಜ್ಞೆಯನ್ನು ಪಾಲಿಸಬೇಕಾಗಿ ಬಂದಿತು. ಸೇಡಿಗೆ ಅವಕಾಶವಿದ್ದಿತು; ಗೊಂದಲಕ್ಕಂತೂ ಇನ್ನೂ ಹೆಚ್ಚಿನ ಅವಕಾಶವಿದ್ದಿತು. ಅರಸೊತ್ತಿಗೆಯ ಆಡಳಿತ ಯಂತ್ರವು ಮುರಿಯದೆ ಪ್ರಜೆಗಳ ಕೈಗೆ ಬಂದು, 1950ರ ಜನವರಿ 26ರಂದು ಮಹಾರಾಜರು ರಾಜಪ್ರಮುಖರಾಗಿ ಹೊಸ ಸಂವಿಧಾನದ ಚೌಕಟ್ಟಿನೊಳಗೆ ನಿಂತುದು ರೆಡ್ಡಿಯವರ ಕಾಲದಲ್ಲಿ. ಅವರ ಸೌಮ್ಯತೆಯನ್ನು ದೌರ್ಬಲ್ಯವೆಂದು ಎಣಿಸಿದವರು ಸ್ವಪಕ್ಷದಲ್ಲೇ ಇದ್ದರು. ಆದರೆ ಅಂತಹ ಸಂಧಿಕಾಲಕ್ಕೆ ಬೇಕಾಗಿದ್ದುದು ಅಬ್ಬರವಲ್ಲ, ಆ ಸೌಮ್ಯತೆಯೇ ಎಂಬುದು ನಮ್ಮ ಅಭಿಪ್ರಾಯ.

1951ರ ಜುಲೈ 13ರಂದು ವಿಧಾನಸೌಧಕ್ಕೆ ಪಂಡಿತ ನೆಹರೂ ಅವರು ಅಡಿಗಲ್ಲನ್ನಿಟ್ಟಾಗ ಮುಖ್ಯಮಂತ್ರಿಗಳಾಗಿದ್ದವರು ರೆಡ್ಡಿಯವರು. ಅವರ ಸರ್ಕಾರದ ಯೋಜನೆ ಸರಳವಾದುದು. 1952ರಲ್ಲಿ ಅಧಿಕಾರಕ್ಕೆ ಬಂದ ಶ್ರೀ ಕೆಂಗಲ್ ಹನುಮಂತಯ್ಯನವರು ಅದನ್ನು ಬದಲಿಸಿ ಇಂದಿನ ಭವ್ಯ ಸೌಧವನ್ನು ಎಬ್ಬಿಸಿದರು. ಕೀರ್ತಿ ಕಟ್ಟಿದವರಿಗೆ ಸಂದಿತು, ಅದು ನ್ಯಾಯವೇ. ಆದರೆ ಆ ಸೌಧದೊಳಗೆ ಕುಳಿತು ಆಳುವ ಹಕ್ಕು ಅದರ ಗೋಡೆಗಳಿಗಿಂತ ಮೊದಲೇ ನೆಲೆಗೊಂಡಿತ್ತೆಂಬುದನ್ನು ನಾವು ಮರೆಯಲಾಗದು.

ಮುಖ್ಯಮಂತ್ರಿಪದವನ್ನು ಬಿಟ್ಟ ರೆಡ್ಡಿಯವರು 1952ರಲ್ಲಿ ರಾಜ್ಯಸಭೆಯನ್ನು ಸೇರಿ, ನೆಹರೂ ಅವರ ಸಂಪುಟದಲ್ಲಿ ಉತ್ಪಾದನಾ ಖಾತೆಯನ್ನು ವಹಿಸಿಕೊಂಡರು. ಸಿಂದ್ರಿಯ ಗೊಬ್ಬರದ ಕಾರ್ಖಾನೆ, 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಮುಂತಾದ ಸರ್ಕಾರಿ ಉದ್ಯಮಗಳ ಹೊಣೆ ಆ ಖಾತೆಯದು. 1957ರಲ್ಲಿ ಕೋಲಾರದ ಮತದಾರರು ಅವರನ್ನು ಲೋಕಸಭೆಗೆ ಆರಿಸಿದರು. ಕಟ್ಟಡ, ವಸತಿ ಮತ್ತು ಸರಬರಾಜು ಖಾತೆಯೂ, ಬಳಿಕ ವಾಣಿಜ್ಯ ಮತ್ತು ಕೈಗಾರಿಕೆಯ ಖಾತೆಯೂ ಅವರ ಪಾಲಿಗೆ ಬಂದುವು. 1965ರಿಂದ 1971ರವರೆಗೆ ಮಧ್ಯಪ್ರದೇಶದ ರಾಜ್ಯಪಾಲರಾಗಿದ್ದು, 1976ರ ಫೆಬ್ರವರಿ 27ರಂದು ಕಾಲವಾದರು.

ಈ ಜೀವನದ ಅರ್ಥವನ್ನು ತಿಳಿಯಲು ನಗರದ ಪೂರ್ವಭಾಗವನ್ನೇ ನೋಡಬಹುದು. ದೂರವಾಣಿ ಕಾರ್ಖಾನೆ ಕೃಷ್ಣರಾಜಪುರದ ಬಳಿ ಸ್ಥಾಪಿತವಾದ 1948ರಲ್ಲಿ ಸಂಸ್ಥಾನದ ಮುಖ್ಯಮಂತ್ರಿಗಳು ರೆಡ್ಡಿಯವರೇ. ಮೈಸೂರು ಸರ್ಕಾರವು ಅದರಲ್ಲಿ ಪಾಲುದಾರನಾಗಿತ್ತು. 1940ರಲ್ಲಿ ಆರಂಭವಾದ ವಿಮಾನ ಕಾರ್ಖಾನೆಯೂ ಈ ಕಡೆಯದೇ. ಇವೆರಡರ ನಡುವಣ ಸೀಮೆಯಲ್ಲಿದ್ದ ದೊಡ್ಡನೆಕ್ಕುಂದಿಯಂತಹ ಕೆರೆ-ಹೊಲಗಳ ಗ್ರಾಮಗಳು ಕಾಲಕ್ರಮದಲ್ಲಿ ಕೈಗಾರಿಕಾ ಪ್ರದೇಶಗಳಾಗಿ, ನಗರದಲ್ಲಿ ಸೇರಿಹೋದುವು. ಒಕ್ಕಲಿಗನ ಮಗನಿಗೆ ತಿಂಗಳ ಸಂಬಳ ದೊರೆಯಿತು. ಒಕ್ಕಲಿಗನ ಹೊಲ ಹೋಯಿತು. ರೈತರ ಪಕ್ಷ ಕಟ್ಟಿ ಹೊರಟ ಮನುಷ್ಯನು ದೇಶದ ಕಾರ್ಖಾನೆಗಳ ಮಂತ್ರಿಯಾದುದರಲ್ಲಿ ಈ ಲಾಭ-ನಷ್ಟಗಳೆರಡೂ ಅಡಗಿವೆ. ಲಾಭವನ್ನು ಎಣಿಸಿ ನಷ್ಟವನ್ನು ಮುಚ್ಚಿಡುವುದು ಚರಿತ್ರೆಯಾಗಲಾರದು.

2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಈ ಊರು ಮಹದೇವಪುರಕ್ಕೆ ಸೇರಿ, ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರದ ಭಾಗವಾಯಿತು. ಇಲ್ಲಿನ ಮತದಾರರು ತಮ್ಮ ಪ್ರತಿನಿಧಿಯನ್ನು ಅಳೆಯುವಾಗ ರೆಡ್ಡಿಯವರ ಜೀವನವನ್ನು ಮುಂದಿಟ್ಟುಕೊಳ್ಳುವುದು ಒಳ್ಳೆಯದು. ಪದವಿಯಲ್ಲಿದ್ದಾಗ ಯಂತ್ರವನ್ನು ಕೆಡಿಸದೆ ನಡೆಸಿದನೇ? ಪದವಿ ಹೋದಾಗ ಮುನಿದು ಮೂಲೆ ಸೇರದೆ, ಕೊಟ್ಟ ಇನ್ನೊಂದು ಕೆಲಸವನ್ನು ಮಾಡಿದನೇ? ಈ ಎರಡು ಪ್ರಶ್ನೆಗಳಿಗೂ ಹೌದೆಂಬ ಉತ್ತರವನ್ನು ತಮ್ಮ ಬಾಳಿನಿಂದ ಕೊಟ್ಟವರು ವಿರಳ. ರೆಡ್ಡಿಯವರು ಆ ವಿರಳರಲ್ಲಿ ಒಬ್ಬರು.