ಕಾಣದ ಸರಕಿಗೆ ಖಾತರಿ ಕೊಟ್ಟ ವಾರ್ಡ್

ಅಂಚೆಯಲ್ಲಿ ತರಿಸಿದ ಕಂಪ್ಯೂಟರ್ ಹಿಡಿಸದಿದ್ದರೆ ಹಿಂದಿರುಗಿಸಬಹುದೆಂಬ ನೆಚ್ಚಿಕೆಯ ಹಿಂದೆ ಅಮೆರಿಕದ ಷಿಕಾಗೊ ನಗರದ ವರ್ತಕ ಆರನ್ ಮಾಂಟ್ಗೊಮರಿ ವಾರ್ಡ್ ಅವರ ಬದುಕಿದೆ.

ಊರೂರು ಸುತ್ತುವ ಮಾರಾಟ ಪ್ರತಿನಿಧಿಯಾಗಿದ್ದ ವಾರ್ಡ್, ಹಳ್ಳಿಯಂಗಡಿಗಳಲ್ಲಿ ರೈತರು ದುಬಾರಿ ಬೆಲೆ ತೆರುವುದನ್ನು ಕಂಡಿದ್ದರು. ನಗರದಿಂದಲೇ ಅವರಿಗೆ ಸರಕು ಕಳುಹಿಸಲು ಸಜ್ಜಾದಾಗ, 1871ರ ಷಿಕಾಗೊ ಅಗ್ನಿದುರಂತದಲ್ಲಿ ದಾಸ್ತಾನು ಬೂದಿಯಾಯಿತು. ಎದೆಗುಂದದೆ 1872ರಲ್ಲಿ 163 ವಸ್ತುಗಳ, ಒಂದೇ ಹಾಳೆಯ ಬೆಲೆಪಟ್ಟಿ ಹೊರತಂದರು.

1873ರಲ್ಲಿ ಷಿಕಾಗೊ ಟ್ರಿಬ್ಯೂನ್ ಪತ್ರಿಕೆ ಇದನ್ನು ಮೋಸವೆಂದೇ ಬರೆದು, ಬಳಿಕ ತಪ್ಪೊಪ್ಪಿಕೊಂಡಿತು. ಪತ್ರಿಕೆಯವರಿಗೆ ಮುಜುಗರದ ಸಂಗತಿಯೇ! ಆದರೂ ಕಣ್ಣಾರೆ ಕಾಣದ ಸರಕಿಗೆ ಹಣ ತೆರಲು ಯಾರಾದರೂ ಅಳುಕುವುದು ಸಹಜವೇ. ಆ ಅಳುಕಿಗೆ ಉತ್ತರವಾಗಿ 1875ರಲ್ಲಿ ವಾರ್ಡ್, ತೃಪ್ತಿಯಾಗದಿದ್ದರೆ ಹಣ ವಾಪಸು ಕೊಡುವ ಖಾತರಿ ನೀಡಿದರು. ನಷ್ಟದ ಭಾರ ಕೊಳ್ಳುವವರಿಂದ ಮಾರುವವರ ಹೆಗಲಿಗೆ ಬಂತು.

ವಾರ್ಡ್ 1913ರಲ್ಲಿ ನಿಧನರಾದರು. ಅವರ ಸಂಸ್ಥೆಯ ಮಳಿಗೆಗಳು 2001ರಲ್ಲಿ ಮುಚ್ಚಿದವು.