ಹಿರಿಮಗನ ಪಾಲಿಗೆ ಬಂದದ್ದು ಸೆರೆಮನೆ

1066, ಹೇಸ್ಟಿಂಗ್ಸ್ ಕದನ, ನಾರ್ಮಂಡಿಯ ಡ್ಯೂಕ್ ವಿಲಿಯಂ ಇಂಗ್ಲೆಂಡಿನ ರಾಜನಾದ. ಇತಿಹಾಸ ಓದಿದ ನಮಗೆಲ್ಲ ಇಷ್ಟು ಬಾಯಿಪಾಠ. ಆದರೆ ನನಗೆ ಅವನಿಗಿಂತ ಹತ್ತಿರದವನು ಅನ್ನಿಸಿದ್ದು ಅವನ ಹಿರಿಮಗ ರಾಬರ್ಟ್.

ರಾಬರ್ಟ್ ಕುಳ್ಳ. ಅದಕ್ಕೇ ‘ಕರ್ಟ್‌ಹೋಸ್’, ಅಂದರೆ ಗಿಡ್ಡ ಕಾಲುಚೀಲದವನು ಎಂಬ ಅಡ್ಡಹೆಸರು. ಅಪ್ಪನೇ ಹಾಗೆ ಹಂಗಿಸುತ್ತಿದ್ದನಂತೆ. ಹೆಸರಿಗೆ ನಾರ್ಮಂಡಿಯ ವಾರಸುದಾರ, ಕೈಯಲ್ಲಿ ಅಧಿಕಾರವೂ ಇಲ್ಲ, ಕಾಸೂ ಇಲ್ಲ. ಇಪ್ಪತ್ತು ದಾಟಿದ ಮೇಲೂ ಅಪ್ಪನ ಮುಂದೆ ಕೈಚಾಚುವ ಸಂಕಟವನ್ನು ಕೆಲಸ ಹುಡುಕುತ್ತಿರುವ ನಮ್ಮಂಥವರಿಗೆ ಬಿಡಿಸಿ ಹೇಳಬೇಕಿಲ್ಲ.

1077ರ ಸುಮಾರಿಗೆ ತಮ್ಮಂದಿರಾದ ವಿಲಿಯಂ ರೂಫಸ್ ಮತ್ತು ಹೆನ್ರಿ ತಮಾಷೆಗೆಂದು ಮಹಡಿಯಿಂದ ಅವನ ತಲೆ ಮೇಲೆ ನೀರು ಸುರಿದರು. ಅದು ಕೊಳಕು ನೀರು ಎನ್ನುವವರೂ ಇದ್ದಾರೆ. ಅಪ್ಪ ಅವರನ್ನು ದಂಡಿಸಲಿಲ್ಲ. ರಾಬರ್ಟ್ ಬಂಡೆದ್ದ. 1079ರಲ್ಲಿ ಜೆರ್ಬೆರ್ವಾ ಕೋಟೆಯೆದುರು ನಡೆದ ಕಾಳಗದಲ್ಲಿ ಅಪ್ಪ ಕುದುರೆಯಿಂದ ಬಿದ್ದ. ನನ್ನನ್ನು ಹೆಚ್ಚು ಕಾಡುವವಳು ತಾಯಿ ಮಟಿಲ್ಡಾ. ಗಂಡನಿಗೆ ತಿಳಿಯದಂತೆ ಮಗನಿಗೆ ಬೆಳ್ಳಿ ಬಂಗಾರ ಕಳಿಸಿ, ಸಿಕ್ಕಿಬಿದ್ದು, ಅವನ ಕೋಪವನ್ನೂ ಉಂಡಳು.

1087ರಲ್ಲಿ ಅಪ್ಪ ತೀರಿಕೊಂಡಾಗ ರಾಬರ್ಟನಿಗೆ ನಾರ್ಮಂಡಿ ಸಿಕ್ಕಿತು, ಇಂಗ್ಲೆಂಡ್ ರೂಫಸನ ಪಾಲಾಯಿತು. ಹೆನ್ರಿಗೆ ಬರೀ ಹಣ. 1096ರಲ್ಲಿ ಮೊದಲ ಕ್ರುಸೇಡ್‌ಗೆ ಹೊರಡಲು ದುಡ್ಡಿಲ್ಲದೆ ರಾಬರ್ಟ್ ಇಡೀ ನಾರ್ಮಂಡಿಯನ್ನು 10,000 ಮಾರ್ಕ್ ಬೆಳ್ಳಿಗೆ ರೂಫಸನಲ್ಲೇ ಅಡವಿಟ್ಟ! ಯುದ್ಧದಲ್ಲಿ ಒಳ್ಳೆಯ ಹೆಸರು ಗಳಿಸಿದ. ಬರುವಾಗ ಇಟಲಿಯಲ್ಲಿ ಸಿಬಿಲ್ಲಾಳನ್ನು ಮದುವೆಯಾದ. ಅವಳ ತವರಿನ ಹಣದಿಂದ ಅಡವು ಬಿಡಿಸಿಕೊಳ್ಳುವ ಲೆಕ್ಕಾಚಾರ.

ಅವನು ಊರು ಮುಟ್ಟುವ ಮೊದಲೇ, 1100ರ ಆಗಸ್ಟ್ 2ರಂದು, ಬೇಟೆಗೆ ಹೋದ ರೂಫಸ್ ಬಾಣ ತಗುಲಿ ಸತ್ತ. ಹೆನ್ರಿ ನೇರ ಖಜಾನೆಗೆ ಓಡಿದ, ಮೂರೇ ದಿನದಲ್ಲಿ ಕಿರೀಟ ಧರಿಸಿದ. ಮರುವರ್ಷ ರಾಬರ್ಟ್ ಸೈನ್ಯದೊಂದಿಗೆ ಇಂಗ್ಲೆಂಡಿಗೆ ಹೋದವನು ವರ್ಷಕ್ಕೆ 3,000 ಮಾರ್ಕ್ ಕೊಡುವ ಮಾತಿಗೆ ಒಪ್ಪಿ ವಾಪಸಾದ. ಇಲ್ಲಿ ನನಗೆ ಅವನ ಮೇಲೆ ಸಿಟ್ಟು ಬರುತ್ತದೆ. ಆ ಹಣವನ್ನೂ ಅವನು ಎರಡೇ ವರ್ಷಗಳಲ್ಲಿ ಬಿಟ್ಟುಕೊಟ್ಟ.

1106ರಲ್ಲಿ ಟೆಂಷ್‌ಬ್ರೇ ಕದನದಲ್ಲಿ ಹೆನ್ರಿ ಅಣ್ಣನನ್ನು ಸೆರೆಹಿಡಿದ. ಆಮೇಲೆ ಬಿಡುಗಡೆಯೇ ಇಲ್ಲ. ಸಿಬಿಲ್ಲಾ ಮೊದಲೇ ತೀರಿಕೊಂಡಿದ್ದಳು. ಅಪ್ಪನ ಪಾಲಿಗಾಗಿ ಹೋರಾಡುತ್ತಲೇ ಬೆಳೆದ ಮಗ ವಿಲಿಯಂ ಕ್ಲಿಟೊ 1128ರಲ್ಲಿ ಯುದ್ಧದ ಗಾಯದಿಂದ ಸತ್ತಾಗಲೂ ರಾಬರ್ಟ್ ಸೆರೆಯಲ್ಲೇ ಇದ್ದ. 28 ವರ್ಷ ಹಾಗೆಯೇ ಕಳೆದು, ಎಂಬತ್ತರ ಆಸುಪಾಸಿನಲ್ಲಿ, 1134ರಲ್ಲಿ ವೇಲ್ಸ್‌ನ ಕಾರ್ಡಿಫ್ ಕೋಟೆಯಲ್ಲಿ ಕೊನೆಯುಸಿರೆಳೆದ. ಹೂಳಿದ್ದು ಗ್ಲೌಸ್ಟರ್‌ನಲ್ಲಿ. ಬಣ್ಣ ಬಳಿದ ಅವನ ಮರದ ಪ್ರತಿಮೆ ಅಲ್ಲಿನ ಕೆಥೆಡ್ರಲ್‌ನಲ್ಲಿ ಇಂದಿಗೂ ಇದೆ.