ಗೋಡೆಗಳಲ್ಲಿ ಬದುಕಿರುವ ಬ್ರದರ್ ಮೊಸ್ಕೇನಿ

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲನ್ನು ನೋಡದ ಕರಾವಳಿಯ ಕಥೋಲಿಕರು ವಿರಳ. ಆದರೆ ಅದರ ಗೋಡೆ, ಮೇಲ್ಛಾವಣಿಗಳನ್ನು ಚಿತ್ರಗಳಿಂದ ತುಂಬಿದ ಬ್ರದರ್ ಅಂತೋನಿಯೊ ಮೊಸ್ಕೇನಿಯವರ ಜೀವನ ಬಲ್ಲವರು ಕಡಿಮೆ.

ಇಟಲಿಯ ಬೆರ್ಗಮೊ ನಗರದ ಸಮೀಪ ಸ್ತೆಜ್ಜಾನೊ ಎಂಬ ಊರಿನಲ್ಲಿ 1854ರ ಜನವರಿ 17ರಂದು ಮೊಸ್ಕೇನಿಯವರು ಜನಿಸಿದರು. ಕಲಾಪೋಷಕ ಕೌಂಟ್ ಜಾಕೊಮೊ ಕರ್ರಾರಾ ತಮ್ಮ ಸಂಪತ್ತನ್ನು ಮೀಸಲಿಟ್ಟು ಬೆರ್ಗಮೊದಲ್ಲಿ ಸ್ಥಾಪಿಸಿದ್ದ ಕಲಾಶಾಲೆಯಲ್ಲಿ ಚಿತ್ರಕಲೆ ಕಲಿತರು. ಬಳಿಕ ರೋಮಿಗೆ ಹೋಗಿ ಮಹಾನ್ ಕಲಾವಿದರ ಕೃತಿಗಳನ್ನು ಅಭ್ಯಸಿಸಿದರು.

ರೋಮಿನ ಚರ್ಚುಗಳಲ್ಲಿ ಜಗದ್ಗುರುಗಳ ಹಾಗೂ ಶ್ರೀಮಂತರ ಅಮೃತಶಿಲೆಯ ಸಮಾಧಿಗಳಿಗೆ ಲೆಕ್ಕವಿಲ್ಲ. ಶಿಲ್ಪಿ ಕನೋವಾ ಕೆತ್ತಿದ 13ನೇ ಕ್ಲೆಮೆಂಟರ ಸಮಾಧಿ ಸಂತ ಪೇತ್ರರ ಮಹಾದೇವಾಲಯದಲ್ಲಿದೆ. ಸಂತ ಅಲೋಶಿಯಸರ ಪವಿತ್ರ ಅವಶೇಷಗಳು ಸಂತ ಇಗ್ನಾಸಿಯವರ ಚರ್ಚಿನಲ್ಲಿವೆ. ಅಲ್ಲಿನ ಅಮೃತಶಿಲೆಯ ಉಬ್ಬುಶಿಲ್ಪವನ್ನು ಕೆತ್ತಿದವರು ಲೆ ಗ್ರೊ. ಆ ಪೀಠವನ್ನು ರೂಪಿಸಿದ ಅಂದ್ರೆಯಾ ಪೊಜ್ಜೊ ಯೇಸುಸಭೆಯ ಒಬ್ಬ ಬ್ರದರ್.

ಮೊಸ್ಕೇನಿಯವರೂ ಅದೇ ಹಾದಿ ಹಿಡಿದರು. 1889ರಲ್ಲಿ ಯೇಸುಸಭೆ ಸೇರಿ, ಗುರುವಾಗದೆ ಬ್ರದರ್ ಆಗಿಯೇ ಉಳಿದರು. ಬಡತನದ ವ್ರತ ಕೈಗೊಂಡವರಿಗೆ ಕೂಲಿಯಿಲ್ಲ. ಅವರ ದುಡಿಮೆಯೇ ದೇವಾಲಯಕ್ಕೆ ಕಾಣಿಕೆ.

ಸಭೆಯ ಹಿರಿಯರು ಅವರನ್ನು ಮಂಗಳೂರಿಗೆ ಕಳುಹಿಸಿದರು. 1899ರಿಂದ 1901ರವರೆಗೆ ಚಾಪೆಲಿನಲ್ಲಿ ದುಡಿದರು. ಗೋಡೆಗಳಲ್ಲಿ ಅನುಸರಿಸಿದ್ದು ಫ್ರೆಸ್ಕೊ ವಿಧಾನ. ಹಸಿ ಸುಣ್ಣದ ಗಾರೆ ಒಣಗುವ ಮೊದಲೇ ಬಣ್ಣ ಹಚ್ಚಿ ಮುಗಿಸಬೇಕು. ಆಗ ಬಣ್ಣ ಗಾರೆಯೊಂದಿಗೆ ಒಂದಾಗುತ್ತದೆ. ಮೇಲ್ಛಾವಣಿಗೆ ಕ್ಯಾನ್ವಾಸ್ ಮೇಲೆ ತೈಲವರ್ಣದಲ್ಲಿ ಬರೆದರು. ಅರಮನೆಯ ವೈಭವ ತೊರೆದು, ಪ್ಲೇಗ್ ಪೀಡಿತರ ಸೇವೆಯಲ್ಲಿ ರೋಗ ತಗಲಿ 1591ರಲ್ಲಿ 23ರ ಪ್ರಾಯದಲ್ಲೇ ಮಡಿದ ಸಂತ ಅಲೋಶಿಯಸರ ಜೀವನವೇ ಅಲ್ಲಿ ಕಣ್ಣೆದುರು ನಿಲ್ಲುತ್ತದೆ. ಓದು ಬಾರದವರಿಗೂ ಅದು ಧರ್ಮೋಪದೇಶ.

ಜೆಪ್ಪು ಸೆಮಿನರಿಯ ಚರ್ಚಿನಲ್ಲೂ ಅವರ ಚಿತ್ರಗಳಿವೆ. ಕೊಚ್ಚಿಯ ಸಾಂತಾ ಕ್ರೂಜ್ ಕೆಥೆಡ್ರಲ್‌ನ ಕೆಲಸದ ವೇಳೆ ಭೇದಿ ರೋಗಕ್ಕೆ ತುತ್ತಾಗಿ 1905ರ ನವೆಂಬರ್‌ನಲ್ಲಿ, ಅದರ ಪ್ರತಿಷ್ಠಾಪನೆಗೆ ಕೆಲವೇ ದಿನಗಳಿರುವಾಗ ನಿಧನರಾದರು. ಆಗ ಅವರ ಪ್ರಾಯ 51.

1990ರ ದಶಕದಲ್ಲಿ ತಜ್ಞರು ಮಂಗಳೂರಿನ ಚಿತ್ರಗಳನ್ನು ಶುಚಿಗೊಳಿಸಿ ಸಂರಕ್ಷಿಸಿದರು. ನಮ್ಮ ಧರ್ಮಕೇಂದ್ರಗಳಲ್ಲಿ ಹಬ್ಬ, ಜುಬಿಲಿ ಬಂದಾಗ ಹಳೆಯ ಚಿತ್ರಗಳ ಮೇಲೆ ಹೊಸ ಪೈಂಟ್ ಬಳಿಯುವ ಮುನ್ನ ಒಂದು ಕ್ಷಣ ಯೋಚಿಸೋಣ. ಮೊದಲು ಮಾಡಿನ ಸೋರಿಕೆ ನಿಲ್ಲಿಸೋಣ, ತಿಳಿದವರನ್ನು ಕೇಳೋಣ. ಹೆಸರು ಬಯಸದೆ ದುಡಿದ ಬ್ರದರ್ ಮೊಸ್ಕೇನಿಯವರಿಗೆ ಅದಕ್ಕಿಂತ ದೊಡ್ಡ ಸ್ಮಾರಕ ಬೇಕಿಲ್ಲ.